ಬಣ್ಣದ ಮೂರು ನಿಮಿಷ

ಮದ್ದೂರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ವರದರಾಜ ಹದಿನೇಳು ವರ್ಷದ ಸಂಸಾರದಲ್ಲಿ ಒಂದು ಸಲವೂ ಹೆಂಡತಿಯನ್ನು ಸರಿಯಾಗಿ ನೋಡಿರಲಿಲ್ಲ. ಇದು ನಾನು ಹೇಳುವ ಮಾತಲ್ಲ, ಅವನ ಹೆಂಡತಿ ರಂಗನಾಯಕಿಯ ಮಾತು. ಹಾಲು ಉಕ್ಕಿದಾಗ ಹೇಳುತ್ತಿದ್ದಳು, ಒಗ್ಗರಣೆ ಸೀದಾಗ ಹೇಳುತ್ತಿದ್ದಳು, ಏನೂ ಉಕ್ಕದೆ ಸೀಯದೆ ಇದ್ದ ದಿನ ಹೊತ್ತು ಹೋಗಲೆಂದು ಹೇಳುತ್ತಿದ್ದಳು. ಅವಳ ಬಳಿ ಪುರಾವೆಗಳೂ ಧಾರಾಳವಾಗಿದ್ದವು. ಮೂಗುಬೊಟ್ಟು ಬದಲಾಯಿಸಿ ಎಂಟು ತಿಂಗಳಾದರೂ ಅವನಿಗೆ ಗೊತ್ತಾಗಿರಲಿಲ್ಲ. ಹಬ್ಬದ ದಿನ ಹೊಸ ಸೀರೆ ಉಟ್ಟು ಕಿಟಕಿಯ ಬಳಿ ಬಂದು ನಿಂತರೆ, ಸ್ವಲ್ಪ ಪಕ್ಕಕ್ಕೆ ಸರಿ, ಮೋಡ ಕಾಣಿಸುತ್ತಿಲ್ಲ ಎಂದಿದ್ದ ಪುಣ್ಯಾತ್ಮ.

ಪಾಪ, ವರದರಾಜನಿಗೆ ಹೆಂಡತಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಬೇಕಾದಷ್ಟಿತ್ತು. ಅವನ ತೊಂದರೆಯೆಂದರೆ ಅವನು ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿದ್ದ, ಎಚ್ಚರದಲ್ಲಿ ಕನಸು ಕಾಣುತ್ತಿದ್ದ. ಶಾಲೆ ಬಿಟ್ಟ ಮೇಲೆ ಶಿಂಷೆಯ ದಡದಲ್ಲಿ ಬಳಸಿಕೊಂಡು ಮನೆಗೆ ಬರುವಾಗ, ಹೂಬಿಟ್ಟ ಕಬ್ಬಿನ ಗದ್ದೆಯ ಮೇಲೆ ಸಂಜೆಬಿಸಿಲು ಬೆಳ್ಳಗೆ ತೂಗಾಡುತ್ತಿದ್ದರೆ, ರಂಗನಾಯಕಿಗೆ ಹೇಳಬೇಕಾದ ಒಳ್ಳೊಳ್ಳೆಯ ಮಾತುಗಳು ತಾವಾಗಿ ಹೊಳೆಯುತ್ತಿದ್ದವು. ಅವನ್ನು ಬಾಯಲ್ಲಿ ಇಟ್ಟುಕೊಂಡೇ ಬೀದಿ ದಾಟುತ್ತಿದ್ದ. ಹೊಸಿಲ ಬಳಿ ಚಪ್ಪಲಿ ಬಿಡುವಾಗ ಅದರ ಜೊತೆಗೇ ಮಾತುಗಳನ್ನೂ ಬಿಟ್ಟು, ಒಳಗೆ ಬಂದು, ಕಾಫಿ ಇದೆಯಾ ಎಂದು ಕೇಳುತ್ತಿದ್ದ. ಒಂದಲ್ಲ ಒಂದು ದಿನ ಇವಳಿಗೆ ನನ್ನ ಕಣ್ಣಲ್ಲಿ ಇವಳು ಹೇಗೆ ಕಾಣುತ್ತಾಳೆಂದು ತೋರಿಸಿಬಿಡಬೇಕು ಎಂಬುದು ಅವನ ಜೀವಮಾನದ ಆಸೆ. ಬಾಯಲ್ಲಿ ಹೇಳಲಾಗದವನಿಗೆ ದೇವರೇ ಒಂದು ದಾರಿ ತೋರಿಸಿದ.

ಮಳವಳ್ಳಿಯಾಚೆ ಬ್ಲಫ್ ಎಂಬಲ್ಲಿಯ ವಿದ್ಯುದಾಗಾರದಲ್ಲಿ ದೊಡ್ಡ ಇಂಜಿನಿಯರಾಗಿದ್ದವರೊಬ್ಬರು ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ನಿವೃತ್ತರಾಗಿ ಊರು ಬಿಟ್ಟರು. ವರದರಾಜ ಹಿಂದೊಮ್ಮೆ ಅವರ ತಾಯಿಯ ಚಿತ್ರ ಬರೆದುಕೊಟ್ಟಿದ್ದ. ಆ ಋಣಕ್ಕೆ ಅವರು ತಮ್ಮ ಪುಟ್ಟ ಸಿನಿಮಾ ಕ್ಯಾಮೆರಾ, ಅದರ ಪ್ರೊಜೆಕ್ಟರು, ಫಿಲಂ ಕತ್ತರಿಸಿ ಅಂಟಿಸುವಾಗ ಕಣ್ಣಿಟ್ಟು ನೋಡುವ ಬೆಂಕಿಪೊಟ್ಟಣದಷ್ಟು ಗಾಜಿನ ಒಂದು ಯಂತ್ರ, ಇಷ್ಟನ್ನೂ ಅವನಿಗೆ ದಾನ ಮಾಡಿ ಹೋದರು. ಜೊತೆಗೆ ನಾಲ್ಕು ರೀಲು. ಮೂರು ಕಪ್ಪುಬಿಳುಪು, ಒಂದೇ ಒಂದು ಬಣ್ಣದ್ದು. ಒಂದೊಂದು ರೀಲು ಓಡುವುದು ಮೂರು ನಿಮಿಷ. ಆಗ ಬಣ್ಣದ ರೀಲು ಮಂಡ್ಯ ಜಿಲ್ಲೆಯಲ್ಲಿ ಕೇಳಿದರೆ, ಯಾವ ಊರಿನ ರೈಲು ಸ್ವಾಮಿ ಎಂದು ಕೇಳುತ್ತಿದ್ದರು.

ಸರಿಯಾಗಿ ಆ ಸಮಯಕ್ಕೆ ಮಳವಳ್ಳಿಯಲ್ಲಿ ರಂಗನಾಯಕಿಯ ತಂಗಿ ಅಲಮೇಲುವಿನ ಮದುವೆ ಗೊತ್ತಾಯಿತು. ಗಂಡು ಸಂಪತ್ ಕುಮಾರ, ಬ್ಲಫ್‌ನಲ್ಲೇ ಕೆಲಸ. ಅತ್ತೆ ತಿರುಮಲಮ್ಮನವರು, ನಮ್ಮ ದೊಡ್ಡ ಅಳಿಯಂದಿರು ಧಾರೆಯನ್ನು ಕಲರ್ ಸಿನಿಮಾ ತೆಗೆಯುತ್ತಾರೆ ಎಂದು ಮಳವಳ್ಳಿಯ ನಾಲ್ಕು ಬೀದಿಗೂ ಸಾರಿಬಿಟ್ಟರು. ಹದಿನೇಳು ವರ್ಷಗಳಲ್ಲಿ ಆ ಮನೆಯಲ್ಲಿ ವರದರಾಜನ ಹೆಸರು ಒಂದು ಕೆಲಸದ ಜೊತೆ ಸೇರಿ ಕೇಳಿಬಂದದ್ದು ಅದೇ ಮೊದಲು.

ಮದುವೆಯ ಬೆಳಿಗ್ಗೆ. ಅಡುಗೆಯವರ ಒಲೆಯ ಹೊಗೆ ಹಿತ್ತಿಲ ಬಾಳೆಗಿಡಗಳ ನಡುವೆ ನಿಧಾನವಾಗಿ ಹರಿದಾಡುತ್ತಿತ್ತು. ನುಗ್ಗೆಮರದ ಸಂದಿನಿಂದ ಬಿಸಿಲು ಇಳಿದು ಹೊಗೆಯೆಲ್ಲ ಹೊಂಬಣ್ಣವಾಗಿತ್ತು. ಧಾರೆಗೆ ಇನ್ನೂ ಎರಡು ಗಂಟೆ ಇದೆಯಲ್ಲ ಎಂದು ವರದರಾಜ ಬಣ್ಣದ ರೀಲು ತುಂಬಿದ ಕ್ಯಾಮೆರಾ ಹಿಡಿದುಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಿದ್ದ. ಆಗ ಆ ಹೊಗೆಯ ಒಳಗೆ ಅವಳು ಕಾಣಿಸಿದಳು. ಗಿಳಿಹಸಿರು ರೇಷ್ಮೆ ಸೀರೆ, ಹೆರಳಿನ ತುಂಬ ಮಲ್ಲಿಗೆ, ಕೈಯಲ್ಲಿ ಥಳಥಳಿಸುವ ಹಿತ್ತಾಳೆ ಚೊಂಬು. ಬೆನ್ನು ಇತ್ತ ಕಡೆಗೆ. ಅರ್ಧ ಗಂಟೆ ಮುಂಚೆ ಆ ಸೀರೆಯಲ್ಲೇ ರಂಗನಾಯಕಿ ನಡುಮನೆಯಲ್ಲಿ ಓಡಾಡುತ್ತಿದ್ದಳು. ವರದರಾಜನ ಎದೆ ಝಲ್ಲೆಂದಿತು. ಕನ್ನಡಕ ಅಡ್ಡ ಬರುತ್ತದೆಂದು ತೆಗೆದು ಜೇಬಿಗೆ ಹಾಕಿ, ಕ್ಯಾಮೆರಾವನ್ನು ಕಣ್ಣಿಗೆ ಒತ್ತಿ ಗುಂಡಿ ಅದುಮಿದ.

ಅವಳು ನಡೆದಳು, ಅವನು ಹಿಂದೆ ಹೋದ. ಅವಳು ತುಳಸಿಕಟ್ಟೆಯ ಬಳಿ ನಿಂತು ಒಂದು ದಳ ಕಿತ್ತು ಕಿವಿಗೆ ಸಿಕ್ಕಿಸಿಕೊಂಡಳು, ಅವನೂ ನಿಂತ. ಬೇಲಿಯಾಚೆ ಯಾರೊಂದಿಗೋ ಎರಡು ಮಾತಾಡಿ ಚೊಂಬನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಆ ಬದಲಾಯಿಸುವಿಕೆಯಲ್ಲೇ ಸಾವಿರ ಲಾವಣ್ಯ ಇದೆಯೆಂದು ಅವನಿಗೆ ತೋರಿತು. ದೇವರ ಅಭಿಷೇಕಕ್ಕೆ ನೀರು ತರಲು ಹೊರಟವಳಂತೆ, ಇಬ್ಬನಿ ತುಳಿಯುತ್ತ, ಬಾಳೆಯ ನೆರಳೊಳಗೆ ಹೋಗುತ್ತ, ಬಿಸಿಲೊಳಗೆ ಬರುತ್ತ ಅವಳು ಹಿತ್ತಿಲ ತುದಿಯತ್ತ ತೇಲಿದಳು. ಗರ್ ಎನ್ನುತ್ತಿದ್ದ ಕ್ಯಾಮೆರಾ ಟಕ್ಕೆಂದು ನಿಂತಿತು. ಮೂರು ನಿಮಿಷ ಮುಗಿದು ಹೋಗಿತ್ತು. ವರದರಾಜ ಇನ್ನೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡು ನಿಂತಿದ್ದ. ಆಮೇಲೆ ಧಾರೆಯ ನೆನಪಾಗಿ ತೆರೆದ.

ಹೀಗಾಗಿ ಧಾರೆ, ಸಪ್ತಪದಿ, ಓಲಗ, ಊಟ, ಬೀಗರ ಮುನಿಸು, ಎಲ್ಲವೂ ಕಪ್ಪುಬಿಳುಪಿನಲ್ಲಿ ನಡೆದವು.

ರೀಲುಗಳು ಬೊಂಬಾಯಿಗೆ ಹೋಗಿ ತೊಳೆಸಿಕೊಂಡು ಬರುವಷ್ಟರಲ್ಲಿ ಎರಡು ತಿಂಗಳಾಯಿತು. ಅಷ್ಟರಲ್ಲಿ ವರದರಾಜನ ತಲೆಯಲ್ಲಿ ಒಂದು ಮಹಾಯೋಜನೆ ಬಲಿತಿತ್ತು. ಬಣ್ಣದ ಮೂರು ನಿಮಿಷವನ್ನು ಹತ್ತು ತುಂಡು ಮಾಡುವುದು. ಕಪ್ಪುಬಿಳುಪು ಮದುವೆಯ ನಡುನಡುವೆ ಪೋಣಿಸುವುದು. ಓಲಗದವರು ಕೆನ್ನೆ ಉಬ್ಬಿಸಿದ ಕೂಡಲೇ ರಂಗನಾಯಕಿಯ ನಡಿಗೆ, ತಾಳಿ ಕಟ್ಟಿದ ಕೂಡಲೇ ರಂಗನಾಯಕಿಯ ಹೆರಳು. ಅತ್ತೆಗೆ ಅಲ್ಲಲ್ಲಿ ಕಲರ್ ಸಿಕ್ಕ ಹಾಗಾಯಿತು. ಹೆಂಡತಿಗೆ, ಮಳವಳ್ಳಿಯ ಸಮಸ್ತರ ಎದುರಿಗೆ, ಅವಳ ಗಂಡ ಅವಳನ್ನು ನೋಡಿದ್ದಾನೆ ಎಂಬುದಕ್ಕೆ ಹತ್ತು ಸಾಕ್ಷಿ.

ಅಂಟಿಸಿ ನೋಡಿದರೆ ಅನಾಹುತವಾಗಿತ್ತು. ಬೂದಿಯ ಹಾಗಿದ್ದ ಮದುವೆಯ ನಡುವೆ ದಿಢೀರನೆ ಗಿಳಿಹಸಿರು ಬಂದು ಕಣ್ಣಿಗೆ ಹೊಡೆಯುತ್ತಿತ್ತು. ಅದು ಹೋದ ಮೇಲೆ ಮದುವಣಗಿತ್ತಿ ಮೊದಲಿಗಿಂತ ಕಳಾಹೀನಳಾಗಿ ಕಾಣುತ್ತಿದ್ದಳು. ವರದರಾಜ ಗೆಜ್ಜಲಗೆರೆಯ ಟೆಂಟ್ ಸಿನಿಮಾದಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಮರಿಸಿದ್ದಯ್ಯನನ್ನು ಮನೆಗೆ ಕರೆಸಿದ. ಮರಿಸಿದ್ದಯ್ಯ ಗಾಜಿನ ಯಂತ್ರದಲ್ಲಿ ಕಣ್ಣಿಟ್ಟು ನೋಡಿ, ಬೀಡಿ ಹಚ್ಚಲು ಹೋಗಿ ಫಿಲಂ ಇದೆಯೆಂದು ನೆನಪಾಗಿ ಕಿವಿಗೆ ಸಿಕ್ಕಿಸಿಕೊಂಡು ತೀರ್ಪು ಕೊಟ್ಟ.

"ಇವೆಲ್ಡೂ ಮ್ಯಾಚಿಂಗ್ ಆಗಾಕಿಲ್ಲ ಕಣ್ ಮೇಸ್ಟ್ರೇ. ಕರೀದ್ಕೆ ಬಣ್ಣ ಬರ್ಸಾಕಾಯ್ತದಾ? ಬಣ್ಣದ್ದನ್ನ ಕರೀದ್ ಮಾಡಾಕಾಯ್ತದಾ? ಬೇಕು ಅಂದ್ರೆ ಕರೀದನ್ನ ಯಾವುದಾರ ಬಣ್ಣದ್ ನೀರ್ನಾಗೆ ಒಂದ್ ಅದ್ದು ಅದ್ದುಬುಡಿ. ಆಗ ಕಣ್ಣಿಗೆ ಒಸಿ ತಂಪಾಯ್ತದೆ."

ಮ್ಯಾಚಿಂಗ್ ಎಂಬ ಶಬ್ದ ಅಡುಗೆಮನೆಗೆ ಕೇಳಿಸಿತು. ಅದು ಕೇಳಿಸಬಾರದಾಗಿತ್ತು. ಏಕೆಂದರೆ ಮದ್ದೂರಿನಲ್ಲಿ ಆ ಶಬ್ದದ ಮೇಲೆ ಪೂರ್ಣ ಅಧಿಕಾರವಿದ್ದದ್ದು ರಂಗನಾಯಕಿಗೆ. ಸೀರೆ ಮನೆಯಲ್ಲೇ ಬಿಟ್ಟು, ಬಣ್ಣವನ್ನು ಬರಿಯ ಮನಸ್ಸಿನಲ್ಲಿ ಇಟ್ಟುಕೊಂಡು ಮಂಡ್ಯದ ಪೇಟೆಬೀದಿಗೆ ಹೋಗಿ, ಒಂದೆಳೆ ವ್ಯತ್ಯಾಸವಿಲ್ಲದಂತೆ ರವಿಕೆ ಕಣ ತರುತ್ತಿದ್ದವಳು ಅವಳು. ಅಂಗಡಿಯ ಟ್ಯೂಬ್‌ಲೈಟನ್ನು ಅವಳು ನಂಬುತ್ತಿರಲಿಲ್ಲ. ಬಟ್ಟೆಯ ಥಾನು ಹೊತ್ತುಕೊಂಡು ಅಂಗಡಿಯವನೇ ಅವಳ ಹಿಂದೆ ಬಿಸಿಲಿಗೆ ಬರಬೇಕಾಗಿತ್ತು. ಅಕ್ಕಪಕ್ಕದ ಹೆಂಗಸರು ಸೀರೆ ತಂದು ಅವಳ ಎದುರು ಬಿಡಿಸಿ ತೀರ್ಪಿಗೆ ಕಾಯುತ್ತಿದ್ದರು. ಇಂಥವಳು ಕೈ ಒರೆಸಿಕೊಳ್ಳುತ್ತ ಬಂದು, ಏನು ಮ್ಯಾಚಿಂಗು, ನನಗೆ ತೋರಿಸಿ ಎಂದಳು.

ತೋರಿಸಿಬಿಟ್ಟರೆ ಗುಟ್ಟು ರಟ್ಟಾಗುತ್ತದೆ. ವರದರಾಜ ರೀಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಇದು ರವಿಕೆಯ ಮ್ಯಾಚಿಂಗ್ ಅಲ್ಲ, ಇದಕ್ಕೆ ವರ್ಣಜ್ಞಾನ ಬೇಕು, ನಾನು ಡ್ರಾಯಿಂಗ್ ಮೇಷ್ಟ್ರು ಎಂದ. ರಂಗನಾಯಕಿ ಅವನ ಮೈಮೇಲಿದ್ದ ನೀಲಿ ಷರಟನ್ನೂ ಅದರ ಕೆಳಗಿನ ಕೆಂಗಂದು ಪ್ಯಾಂಟನ್ನೂ ಒಮ್ಮೆ ನೋಡಿ ಒಳಗೆ ಹೋದಳು.

ಬಣ್ಣದ ನೀರಿನ ಪರ್ವ ಒಂದು ವಾರ ನಡೆಯಿತು. ಅರಿಶಿನದ ನೀರಿನಲ್ಲಿ ಅದ್ದಿದ ತುಂಡಿನಲ್ಲಿ ಬೀಗರಿಗೆಲ್ಲ ಕಾಮಾಲೆಯಾಯಿತು. ಕುಂಕುಮದ ನೀರು ಪುರೋಹಿತರನ್ನು ರಕ್ತದ ಮಡುವಿನಲ್ಲಿ ಕೂರಿಸಿತು. ಕೊನೆಗೆ ಸಿದ್ಧಿಸಿದ್ದು ಕಾಫಿ. ಫಿಲ್ಟರಿನ ಎರಡನೆಯ ಡಿಕಾಕ್ಷನ್ನಿನಲ್ಲಿ ಕಾಲು ಗಂಟೆ ನೆನೆಸಿ ಹಿತ್ತಿಲ ಹಗ್ಗದ ಮೇಲೆ, ರಂಗನಾಯಕಿಯ ರವಿಕೆಗಳ ಪಕ್ಕದಲ್ಲಿ, ಒಣಹಾಕಿದರೆ ಮದುವೆಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿತು. ಹಸಿರಿನ ಪಕ್ಕಕ್ಕೆ ಇಟ್ಟರೆ ಎರಡೂ ಒಂದೇ ಬೆಳಗಿನಲ್ಲಿ ಕಂಡ ಕನಸಿನ ಹಾಗಿದ್ದವು. ವರದರಾಜ ಸಂತೋಷದಿಂದ ಕಣ್ಣೀರು ಹಾಕಿದ. (ಆ ಡಿಕಾಕ್ಷನ್ನನ್ನು ಅವನು ಚೆಲ್ಲಲು ಮರೆತದ್ದು, ಅದೇ ಬೆಳಿಗ್ಗೆ ಮಾವ ವೆಂಕಟರಾಮಯ್ಯನವರು ಮಳವಳ್ಳಿಯ ಬಸ್ಸಿನಲ್ಲಿ ಬಂದಿಳಿದದ್ದು, ರಂಗನಾಯಕಿ ತಿಳಿಯದೆ ಅದಕ್ಕೇ ಹಾಲು ಬೆರೆಸಿ ಕೊಟ್ಟದ್ದು ಬೇರೆ ವಿಷಯ. ಮಾವನವರು ಎರಡು ಲೋಟ ಕುಡಿದು, ಯಾಕೋ ಕಾಫಿಯಲ್ಲಿ ಮದುವೆಮನೆಯ ಘಮ ಇದೆ ಎಂದು ಹೊಗಳಿ ಹೋದರು.)

ಪ್ರದರ್ಶನ ಭಾನುವಾರ ಮಧ್ಯಾಹ್ನ, ಮಳವಳ್ಳಿಯ ಮಾವನ ಮನೆಯ ಹಜಾರದಲ್ಲಿ. ಕಿಟಕಿಗಳಿಗೆಲ್ಲ ಕರಿಕಂಬಳಿ ಕಟ್ಟಿ ಕತ್ತಲು ಮಾಡಿದ್ದರು. ಮಾವನವರ ಮಡಿಪಂಚೆ ಗೋಡೆಯ ಮೇಲೆ ಪರದೆಯಾಗಿತ್ತು. ಬ್ಲಫ್‌ನಿಂದ ಹೊಸ ಅಳಿಯ ಸಂಪತ್ ಕುಮಾರ, ಅಲಮೇಲು, ಮತ್ತು ಸಂಪತ್ ಕುಮಾರನನ್ನು ಸಾಕಿ ಬೆಳೆಸಿದ ಸೋದರತ್ತೆ ಪಂಕಜಮ್ಮ ಬಂದಿದ್ದರು. ಪಂಕಜಮ್ಮನವರಿಗೆ ಅರವತ್ತರ ಹತ್ತಿರ. ಬೀಗರ ಕಡೆಯ ಹಿರಿಯರೆಂದು ಅವರಿಗೆ ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿದ್ದರು. ಸಾಮಾನ್ಯ ಕುರ್ಚಿ ಸಾಲದೆಂದು, ಕೈಗಳಿಲ್ಲದ ಅಗಲ ಕುರ್ಚಿಯನ್ನೇ ಹುಡುಕಿ ತಂದಿದ್ದರು. ಸಿನಿಮಾದಲ್ಲಿ ತಾವೆಲ್ಲಿ ಬರುತ್ತೇವೆಂದು ಅವರು ಆಗಲೇ ಎರಡು ಸಲ ಕೇಳಿದ್ದರು.

ಸ್ವಿಚ್ಚು ಹಾಕಿದರೆ ಪ್ರೊಜೆಕ್ಟರಿನ ದೀಪ ಮಿಣುಕಾಗಿ ಹತ್ತಿತು. ವೋಲ್ಟೇಜು ಇರಲಿಲ್ಲ. ಎಲ್ಲರೂ ಸಂಪತ್ ಕುಮಾರನ ಕಡೆ ತಿರುಗಿದರು. ಅವನು ನಾಚಿಕೊಂಡು, ನಮ್ಮಲ್ಲಿಂದ ಹೊರಡುವಾಗ ಸರಿಯಾಗಿಯೇ ಹೊರಡುತ್ತದೆ, ಇಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗುತ್ತದೆ ಎಂದ. ಮಾಡುವುದೇನು, ಇದ್ದ ಕರೆಂಟಿನಲ್ಲೇ ಶುರುವಾಯಿತು.

ಆ ಮಿಣುಕುಬೆಳಕು ವರದರಾಜನ ಪಾಲಿಗೆ ದೇವರೇ ಇಳಿದು ಬಂದ ಹಾಗಿತ್ತು. ಬಣ್ಣವೂ ಕಪ್ಪುಬಿಳುಪೂ ಕಾಫಿಯೂ ಆ ಮಂದ ದೀಪದಲ್ಲಿ ಕರಗಿ ಒಂದಾಗಿಬಿಟ್ಟವು. ಎಲ್ಲಿ ಅಂಟಿಸಿದ್ದೆನೆಂದು ಅವನಿಗೇ ತಿಳಿಯದಾಯಿತು. ಕರೆಂಟು ಸಾಲದೆ ರೀಲು ನಿಧಾನವಾಗಿ ಓಡಿ, ಪಂಚೆಯ ಮೇಲೆ ಎಲ್ಲರೂ ನೀರೊಳಗೆ ನಡೆಯುವವರಂತೆ ನಡೆದರು. ಅಲಮೇಲು ತಲೆ ತಗ್ಗಿಸಿದಳು, ಹೂವಿನ ಹಾರ ಒಂದು ಯುಗ ಹಿಡಿದು ಅವಳ ಕೊರಳಿಗೆ ಇಳಿಯಿತು, ಅಕ್ಷತೆ ಮಂಜಿನ ಹಾಗೆ ಬಿದ್ದಿತು. ನಡುನಡುವೆ, ಹೊಗೆಯಲ್ಲಿ, ಚೊಂಬು ಹಿಡಿದ ಒಬ್ಬಳು ಬೆನ್ನು ತಿರುಗಿಸಿ ತೇಲಿ ಹೋಗುತ್ತಿದ್ದಳು. ತಿರುಮಲಮ್ಮನವರು ಮೆಲ್ಲಗೆ, ಕಲರೇ ಕಲರು ಎಂದರು.

ಪ್ರೊಜೆಕ್ಟರಿನ ಪಕ್ಕದಲ್ಲಿ ರಂಗನಾಯಕಿ ಕೂತಿದ್ದಳು. ವರದರಾಜ ಅವಳ ಕಡೆಗೆ ಬಾಗಿದ. ಈ ಸಲ ಮಾತು ಹೊಸಿಲ ಆಚೆ ಉಳಿಯಲಿಲ್ಲ.

"ಆ ಚೊಂಬು ಹಿಡಿದವಳು ಯಾರು ಗೊತ್ತಾ?"

"ಯಾರು?"

"ನೀನು ಕಣೆ."

ರಂಗನಾಯಕಿ ಪಂಚೆಯ ಕಡೆಗೇ ನೋಡುತ್ತಿದ್ದಳು. ಪರದೆಯ ಮೇಲೆ ಆಕೃತಿ ತುಳಸಿಕಟ್ಟೆಯ ಬಳಿ ಮಂಕಾಗಿ ನಿಂತಿತ್ತು.

"ಬಣ್ಣದ ರೀಲು ಪೂರ್ತಿ ನನಗೇ ಹಾಕ್ಬಿಟ್ರಾ?"

"ಪೂರ್ತಿ."

"ಧಾರೆಗೂ ಉಳಿಸ್ದೆ?"

"ಧಾರೆ ನೆನಪಿಗೇ ಬರಲಿಲ್ಲ."

ಅವಳು ಸೆರಗಿನ ತುದಿಯಿಂದ ಅವನ ಹಣೆಯ ಬೆವರು ಒರೆಸಿದಳು. ಒರೆಸಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ ಅವನ ಭುಜದ ಮೇಲೆ ಇಟ್ಟಳು. ಹದಿನೇಳು ವರ್ಷಗಳ ದೂರು ಆ ಕತ್ತಲಲ್ಲಿ ಸದ್ದಿಲ್ಲದೆ ವಜಾ ಆಯಿತು. ಈ ರೀಲು ಹೀಗೇ ನಿಧಾನವಾಗಿ, ಮುಗಿಯದೆ ಓಡುತ್ತಲೇ ಇರಲಿ ಎಂದುಕೊಂಡ ವರದರಾಜ.

ಆಗ ವೋಲ್ಟೇಜು ಬಂತು.

ಮೂಲೆಯ ಫ್ಯಾನು ಹುಚ್ಚು ಹಿಡಿದ ಹಾಗೆ ತಿರುಗಿತು. ಪ್ರೊಜೆಕ್ಟರಿನ ದೀಪ ಭಗ್ಗನೆ ಉರಿದು ಪಂಚೆಯ ಮೇಲೆ ಬಣ್ಣಗಳು ತೊಳೆದಿಟ್ಟ ಹಾಗೆ ನಿಂತವು. ನೀರಲ್ಲಿ ತೇಲುತ್ತಿದ್ದ ಆಕೃತಿ ದಡದಡನೆ ಹೆಜ್ಜೆ ಹಾಕತೊಡಗಿತು. ಸೀರೆ ಗಿಳಿಹಸಿರು. ಅದರ ಮೇಲೆ ಕಂಡ ರವಿಕೆ ಅಚ್ಚ ಅರಿಶಿನ.

ಭುಜದ ಮೇಲಿದ್ದ ಕೈ ಹಿಂದಕ್ಕೆ ಹೋಯಿತು.

"ಅದು ನಾನಲ್ಲ," ಎಂದಳು ರಂಗನಾಯಕಿ. ಕೂಗಲಿಲ್ಲ, ಪೇಟೆಬೀದಿಯಲ್ಲಿ ಥಾನು ತಿರಸ್ಕರಿಸುವ ದನಿಯಲ್ಲಿ ಹೇಳಿದಳು. "ಆ ಸೀರೆಗೆ ಆ ರವಿಕೆ ನಾನು ಸತ್ತರೂ ಹಾಕಲ್ಲ. ನಂದು ಮ್ಯಾಚಿಂಗು."

ಸಂಗತಿ ಇಷ್ಟೇ. ಬೀಗರಿಗೊಂದು ನಮ್ಮವರಿಗೊಂದು ಮಾಡಿದರೆಂಬ ಮಾತು ಬರಬಾರದೆಂದು ತಿರುಮಲಮ್ಮನವರು ಎರಡೂ ಕಡೆಯ ಮುಖ್ಯ ಹೆಂಗಸರಿಗೆಲ್ಲ ಒಂದೇ ಅಂಗಡಿಯಿಂದ ಒಂದೇ ಥರದ ಏಳು ಸೀರೆ ತಂದಿದ್ದರು. ಏಳೂ ಗಿಳಿಹಸಿರು. ಊರಿಗೆಲ್ಲ ಗೊತ್ತಿದ್ದ ಈ ವಿಷಯ ವರದರಾಜನಿಗೆ ಮಾತ್ರ ಗೊತ್ತಿರಲಿಲ್ಲ. ಉಳಿದ ಮದುವೆಯನ್ನು ಅವನು ಕಪ್ಪುಬಿಳುಪಿನಲ್ಲಿ ತೆಗೆದಿದ್ದ, ರೀಲು ತೊಳೆಸಿಕೊಂಡು ಬಂದಾಗಿನಿಂದ ಅದನ್ನೇ ನೋಡುತ್ತಿದ್ದ; ಅದರಲ್ಲಿ ಎಲ್ಲರ ಸೀರೆಯೂ ಬೂದಿಬಣ್ಣವಾಗಿತ್ತು.

ಮುಂದಿನ ಅಗಲ ಕುರ್ಚಿ ಕಿರುಗುಟ್ಟಿತು.

"ಅಯ್ಯೋ, ನಾನಲ್ವೇ ಅದು," ಎಂದರು ಪಂಕಜಮ್ಮ. "ಬೆಳಿಗ್ಗೆ ಚೊಂಬು ಹಿಡ್ಕೊಂಡು ಹಿತ್ತಿಲ ಕಡೆಗೆ ಹೋಗಿದ್ನಲ್ಲ, ಆಗ ತೆಗ್ದಿರೋದು."

ಅಭಿಷೇಕದ ನೀರು ಅಲ್ಲಿಗೆ ಮುಗಿಯಿತು. ಬೆಳಗಿನ ಹೊತ್ತು ಚೊಂಬು ಹಿಡಿದುಕೊಂಡು ಹಿತ್ತಿಲ ತುದಿಗೆ ಏಕೆ ಹೋಗುತ್ತಾರೆಂದು ಹಜಾರದಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಲಮೇಲು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಸಂಪತ್ ಕುಮಾರ ಫ್ಯಾನನ್ನು ಪರೀಕ್ಷಿಸತೊಡಗಿದ. ತಿರುಮಲಮ್ಮನವರ ಮುಖದಲ್ಲಿ ಕಲರೇ ಇರಲಿಲ್ಲ. ಪಂಚೆಯ ಮೇಲೆ ಪಂಕಜಮ್ಮನವರು ಅವಸರವಾಗಿ ಹಿತ್ತಿಲ ತುದಿಯ ತಗಡಿನ ಬಾಗಿಲನ್ನು ಸಮೀಪಿಸುತ್ತಿದ್ದರು. ರೀಲು ಆ ಬಾಗಿಲಿಗೆ ನಾಲ್ಕು ಹೆಜ್ಜೆ ಮುಂಚೆ ಮುಗಿದದ್ದು ಎರಡು ಮನೆತನಗಳ ಪುಣ್ಯ.

ಕಂಬಳಿ ಸರಿಸಿದರು. ಪಂಕಜಮ್ಮ ಕುರ್ಚಿಯನ್ನೇ ತಿರುಗಿಸಿಕೊಂಡು ಕೂತು, ಕೋಪವೋ ಕುತೂಹಲವೋ ತಿಳಿಯದ ದನಿಯಲ್ಲಿ ಕೇಳಿದರು.

"ಅಲ್ಲಾ ಮೇಷ್ಟ್ರೇ, ಮದುವೆಮನೆ ತುಂಬ ಜನ ಇದ್ರು. ಅವ್ರನ್ನೆಲ್ಲ ಬಿಟ್ಟು ನನ್ನ ಹಿಂದೆ ಯಾಕೆ ಬಂದ್ರಿ?"

ವರದರಾಜ ಆ ಕಡೆ ನೋಡಿದ, ಈ ಕಡೆ ನೋಡಿದ. ಕಾರಣ ಹೇಳದಿದ್ದರೆ ಬೀಗರ ಹಿರಿಯ ಮುತ್ತೈದೆಯ ಹಿಂದೆ ಕ್ಯಾಮೆರಾ ಹಿಡಿದು ಹೋದವನೆಂಬ ಹೆಸರು ಬರುತ್ತದೆ. ಹೇಳಿದರೆ, ಪಂಕಜಮ್ಮನವರ ಬೆನ್ನನ್ನು ನೋಡಿ ಇದು ನನ್ನ ಹೆಂಡತಿಯದೇ ಎಂದು ತೀರ್ಮಾನಿಸಿದ ಗಂಡನೆಂದು ಇನ್ನೊಂದು ಹೆಸರು ಬರುತ್ತದೆ. ಅವನ ಕನಸುಗಳಲ್ಲಿ ಎಲ್ಲಿಯೂ ಇಂಥ ಇಕ್ಕಟ್ಟು ಬಂದಿರಲಿಲ್ಲ. ಬೇರೆ ದಾರಿಯಿಲ್ಲದೆ ನಿಜ ಹೇಳಿದ.

"ನಮ್ಮ ರಂಗನಾಯಕಿ ಅಂದ್ಕೊಂಡೆ."

ಪಂಕಜಮ್ಮನವರ ಮುಖ ಅರಳಿತು. ನನ್ನ ವಯಸ್ಸಿನಲ್ಲಿ ಇಪ್ಪತ್ತು ವರ್ಷ ಕಡಿಮೆಯಾಯಿತಲ್ಲ ಎಂದು ಹಿಗ್ಗಿ, ಎದ್ದು ಬಂದು, ರಂಗನಾಯಕಿಯನ್ನು ಎಳೆದು ತಮ್ಮ ಪಕ್ಕ ನಿಲ್ಲಿಸಿಕೊಂಡು, ಇಬ್ಬರ ಬೆನ್ನೂ ಎಲ್ಲರಿಗೂ ಕಾಣುವ ಹಾಗೆ ತಿರುಗಿ, ನಿಜವಾಗಿಯೂ ಅಷ್ಟೊಂದು ಹೋಲಿಕೆಯಿದೆಯೇ ನೋಡಿ ಹೇಳಿ ಎಂದರು. ಬೀಗರ ಮನಸ್ಸು ನೋಯಿಸುವುದುಂಟೇ? ಕೊನೆಗೆ ಹೆತ್ತ ತಾಯಿ ತಿರುಮಲಮ್ಮನವರೇ ಗಂಟಲು ಸರಿಮಾಡಿಕೊಂಡು, ಒಂದೇ ಅಚ್ಚಿನಲ್ಲಿ ಎರೆದ ಹಾಗಿದೆ ಎಂದು ಸಾಕ್ಷಿ ನುಡಿದರು. ಆ ಸಂತೋಷದಲ್ಲಿ ಪಂಕಜಮ್ಮನವರು ತಮ್ಮ ಬಣ್ಣದ ತುಂಡುಗಳನ್ನೆಲ್ಲ ಬಿಡಿಸಿಕೊಡಬೇಕೆಂದು ಕೇಳಿದರು. ವರದರಾಜ ಅಲ್ಲೇ ಕೂತು ಬ್ಲೇಡಿನಿಂದ ಹತ್ತನ್ನೂ ಕತ್ತರಿಸಿಕೊಟ್ಟ. ಉಳಿದದ್ದೆಲ್ಲ ಕಾಫಿಯ ಬಣ್ಣ. ಇನ್ನು ಮ್ಯಾಚಿಂಗಿಗೆ ಯಾವ ತೊಂದರೆಯೂ ಇರಲಿಲ್ಲ.

ಸಂಜೆ ಮದ್ದೂರಿನ ಬಸ್ಸಿಗೆ ಹೊರಟರು. ರಂಗನಾಯಕಿ ಮುಂದೆ, ಪ್ರೊಜೆಕ್ಟರಿನ ಪೆಟ್ಟಿಗೆ ಹೊತ್ತ ವರದರಾಜ ಹತ್ತು ಹೆಜ್ಜೆ ಹಿಂದೆ. ಮನೆ ಬಿಟ್ಟಾಗಿನಿಂದ ಅವಳು ತಿರುಗಿ ನೋಡಿರಲಿಲ್ಲ. ಬೀದಿಯ ಕೊನೆಯಲ್ಲಿ ಇಳಿಬಿಸಿಲು ಧೂಳಿನ ಮೇಲೆ ಬಿದ್ದು ಎಲ್ಲವೂ ಜೇನಿನ ಹಾಗೆ ಕಾಣುತ್ತಿತ್ತು. ಅವನು ಸುಮ್ಮನೆ ಹಿಂಬಾಲಿಸುತ್ತಿದ್ದ. ಸಂತೆಯಿಂದ ಮರಳುತ್ತಿದ್ದ ಹೆಂಗಸರ ಗುಂಪೊಂದು ಅಡ್ಡ ಬಂದು ಆಚೆ ಹೋಯಿತು. ಆಗ ಮುಂದಿನಿಂದ, ತಿರುಗದೆಯೇ, ಅವಳ ದನಿ ಬಂತು.

"ಏನೂಂದ್ರೆ, ಯಾರ ಹಿಂದೆ ಬರ್ತಿದ್ದೀರಿ ಅಂತ ಗೊತ್ತಿದೆ ತಾನೆ?"

ವರದರಾಜ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಓಡಿದ. ಅವಳನ್ನು ದಾಟಿ ಎದುರಿಗೆ ಹೋಗಿ ನಿಂತು, ಮೂಗುಬೊಟ್ಟಿನಿಂದ ಹಿಡಿದು ಮುಖವನ್ನೆಲ್ಲ ಕಣ್ಣುತುಂಬ ನೋಡಿದ. ನೋಡಿ ಖಾತ್ರಿಯಾದ ಮೇಲೆ, ಗೊತ್ತು ಎಂದ.